ಅಕ್ಕನ ಕೌದಿಗೆ ಸ್ಕೇಲಪ್ಪನವರ ಗೆರೆ

ಸ್ಕೇಲಪ್ಪನವರು ಹೋದ ವಾರ ತೀರಿಕೊಂಡರು. ಮಧ್ಯಾಹ್ನ, ಊಟವಾದ ಮೇಲೆ, ಕುರ್ಚಿಯಲ್ಲಿ ಕೂತಲ್ಲೇ. ಹೃದಯ ನಿಂತಿತು ಎಂದರು ಡಾಕ್ಟರು.

ಸ್ಕೇಲಪ್ಪ ಎಂಬುದು ಅವರ ಹೆಸರಲ್ಲ, ಗೆಳೆಯರಾದ ನಾವು ಇಟ್ಟದ್ದು. ಕೆಲಸದಲ್ಲಿದ್ದಷ್ಟು ಕಾಲ ಅವರು ಸರ್ಕಾರಿ ಕಚೇರಿಯೊಂದರಲ್ಲಿ ಸೇತುವೆ, ಚರಂಡಿ, ನೀರಿನ ಟ್ಯಾಂಕುಗಳ ನಕ್ಷೆ ಬರೆದವರು. ಅಂಗಿ ಯಾವುದಾದರೂ ಇರಲಿ, ಜೇಬಿನಿಂದ ಒಂದು ಸ್ಟೀಲ್ ಸ್ಕೇಲು ಇಣುಕುತ್ತಲೇ ಇರಬೇಕು. ಮದುವೆಯ ಫೋಟೋದಲ್ಲೂ ಇಣುಕಿದೆ! ಬ್ರೆಡ್ಡಿಗೆ ಬೆಣ್ಣೆ ಸವರುವಾಗಲೂ ನಾಲ್ಕು ಅಂಚಿಗೂ ಸಮ ಜಾಗ ಬಿಡುವ ಮನುಷ್ಯ. ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದ್ದರೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಯಾರ ಮನೆಯ ಕ್ಯಾಲೆಂಡರ್ ಆದರೂ ಸರಿ.

ಈ ಕತೆಯನ್ನು ಅವರೇ ನಮಗೆ ಮತ್ತೆ ಮತ್ತೆ ಹೇಳಿ ನಗಿಸಿದ್ದರು. ಪ್ರತಿ ಸಲವೂ ತಮ್ಮ ದಡ್ಡತನಕ್ಕೆ ಒಂದು ಹಿಡಿ ಹೆಚ್ಚಿಗೆ ಸೇರಿಸುತ್ತಿದ್ದರು. ಈಗ ಹೇಳುವವರಿಲ್ಲ. ಸೇರಿಸದೆ, ಕಳೆಯದೆ ಬರೆದಿಡುತ್ತೇವೆ.

ಸ್ಕೇಲಪ್ಪನವರ ಹೆಂಡತಿಗೆ ಒಬ್ಬ ಅಕ್ಕ ಇದ್ದರು. ಎರಡು ಬೀದಿ ಆಚೆ ಮನೆ. ಮಧ್ಯಾಹ್ನವಾದರೆ ಸಾಕು, ಚಪ್ಪಲಿ ಸದ್ದು ಮಾಡುತ್ತ ಬಂದುಬಿಡುವರು. ಅಕ್ಕತಂಗಿ ಸೇರಿ ಕೌದಿ ಮಾಡುವರು. ಅವರಲ್ಲಿ ಕೆಲಸ ಹಂಚಿಹೋಗಿತ್ತು. ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿಯ ಮೇಲ್ಪದರ ಮಾಡುವುದು ಅಕ್ಕ. ಅದರ ಮೇಲೆ ಹೊಲಿಗೆಯ ದಾರಿ ಹೇಗೆ ಹೋಗಬೇಕೆಂದು ಗೆರೆ ಎಳೆಯುವುದೂ ಅಕ್ಕ. ಪದರ ಮೇಲೆ ಪದರ ಇಟ್ಟು ಆ ಗೆರೆಯ ಮೇಲೇ ಸಣ್ಣ ಸಣ್ಣ ಓಟದ ಹೊಲಿಗೆ ಹಾಕುವುದು ತಂಗಿ.

ಅಕ್ಕ ಗೆರೆ ಎಳೆಯುವುದನ್ನು ನೋಡಬೇಕಿತ್ತು. ಬಚ್ಚಲಲ್ಲಿ ಸವೆದು ಎಲೆಯಂತಾದ ಸೋಪಿನ ಚೂರು ಒಣಗಿಸಿ ಇಟ್ಟುಕೊಂಡಿರುತ್ತಿದ್ದರು. ಬಟ್ಟೆ ಹಾಸಿ, ಕೆರೆಯ ದಡದಲ್ಲಿ ಕೂತವರಂತೆ ಅದನ್ನೇ ಸುಮ್ಮನೆ ನೋಡುವರು. ನಿದ್ದೆ ಹೋದರೇನೋ ಅನ್ನಿಸುತ್ತಿತ್ತು. ಆಮೇಲೆ ಕೈ ಹೊರಡುತ್ತಿತ್ತು. ಹೊರಟಿತೆಂದರೆ ಮುಗಿಯುವ ತನಕ ಮೇಲೇಳುತ್ತಿರಲಿಲ್ಲ. ಬಳ್ಳಿಯೋ, ಅಲೆಯೋ, ಮೋಡವೋ, ಯಾವುದೆಂದು ಅವರಿಗೂ ಗೊತ್ತಿರುತ್ತಿರಲಿಲ್ಲ. ತಂಗಿ ಕೇಳುತ್ತಲೂ ಇರಲಿಲ್ಲ. ಗೆರೆ ಹೋದಲ್ಲಿ ಸೂಜಿ ಹೋಗುತ್ತಿತ್ತು.

ಕಳೆದ ವರ್ಷ ಅಕ್ಕ ತೀರಿಹೋದರು. ಒಂದು ಮೇಲ್ಪದರವನ್ನು ಜೋಡಿಸಿ, ಮಡಿಸಿ, ತಂಗಿಯ ಮನೆಯ ಕುರ್ಚಿಯ ಮೇಲಿಟ್ಟು, “ನಾಳೆ ಬಂದು ಗೆರೆ ಹಾಕ್ತೀನಿ” ಅಂದು ಹೋಗಿದ್ದರು.

ತಂಗಿ ಅದನ್ನು ಬೀರುವಿನಲ್ಲಿಟ್ಟಳು. ಸೂಜಿಯ ಡಬ್ಬಿಯನ್ನೂ ಅದರ ಮೇಲೇ ಇಟ್ಟಳು. ಮಧ್ಯಾಹ್ನಗಳಲ್ಲಿ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುವಳು. ಕೈ ಮಡಿಲಲ್ಲಿ, ಹೆಬ್ಬೆರಳು ತೋರುಬೆರಳು ಮಾತ್ರ ತಮ್ಮಷ್ಟಕ್ಕೆ ತಾವು, ಇಲ್ಲದ ಸೂಜಿಯನ್ನು ಹಿಡಿದು ಆಡುತ್ತಿರುವವು. ಬಿಸಿಲು ನೆಲದ ಮೇಲೆ ಸರಿದು ಗೋಡೆ ಹತ್ತುವುದು. ಅವಳು ಅಲ್ಲೇ.

ಆ ಎರಡು ಬೆರಳನ್ನು ನೋಡಲಾರದೆ ಒಂದು ದಿನ ಸ್ಕೇಲಪ್ಪನವರು ಬಾಯಿಬಿಟ್ಟರು.

“ಅದನ್ನ ತೆಗೆದು ಹೊಲಿಯಬಾರದೇನೇ?”

“ಗೆರೆ ಇಲ್ಲ.”

“ಗೆರೆ ತಾನೆ?” ಸ್ಕೇಲಪ್ಪನವರು ಎದೆ ಉಬ್ಬಿಸಿದರು. “ಮೊದಲೇ ಹೇಳಬಾರದಾ? ಜೀವಮಾನವಿಡೀ ಗೆರೆ ಎಳೆದೇ ಸಂಸಾರ ಸಾಕಿದವನನ್ನ ಪಕ್ಕದಲ್ಲಿಟ್ಟುಕೊಂಡು ಗೆರೆ ಇಲ್ಲ ಅಂತ ಕೂತಿದೀಯಲ್ಲ!”

“ಅದು ಸೇತುವೆ ಅಲ್ಲ ರೀ.”

“ಸೇತುವೆಗಿಂತ ಕಷ್ಟಾನಾ? ಸೇತುವೆ ಮೇಲೆ ಲಾರಿ ಓಡಾಡುತ್ತೆ. ಇದರ ಕೆಳಗೆ ನಾವಿಬ್ಬರು ಮಲಗ್ತೀವಿ, ಅಷ್ಟೆ!”

“ಅಕ್ಕನ ಬಟ್ಟೆ. ಕಲೆ ಕೂತರೆ ಇನ್ನೊಂದಿಲ್ಲ.” ಹೆಂಡತಿ ಇದನ್ನು ಮೆಲ್ಲಗೆ ಹೇಳಿದಳು. “ಹಾಕಲೇಬೇಕು ಅಂತಿದ್ರೆ ಸೋಪಿನ ಚೂರು ತಗೊಳ್ಳಿ.”

“ಸೋಪಲ್ಲಿ ಸ್ನಾನ ಮಾಡ್ತಾರೆ ಕಣೆ, ನಕ್ಷೆ ಬರೆಯಲ್ಲ! ನೋಡ್ತಾ ಇರು. ಒಂದು ಗೆರೆ ಆಚೆ ಈಚೆ ಆದ್ರೆ ನನ್ನ ಸ್ಕೇಲನ್ನ ಕಿಟಕಿಯಿಂದ ಆಚೆ ಎಸಿ. ಒಂದೇ ಷರತ್ತು. ಮುಗಿಯೋವರೆಗೂ ನೀನು ಆ ಕೋಣೆಗೆ ಬರಬಾರದು.”

“ಬಂದು ನಾನೇನು ಮಾಡ್ಲಿ?” ಅಂದು ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಆದರೆ ಬೀರುವಿನ ಕೀಲಿ ಕೊಟ್ಟಳು. ಅದೇ ದೊಡ್ಡದು. ಅವಳ ಕೈಗೆ ಮತ್ತೆ ಸೂಜಿ ಬರಬೇಕು, ಸ್ಕೇಲಪ್ಪನವರಿಗೆ ಬೇಕಾಗಿದ್ದದ್ದು ಅಷ್ಟೇ. ಆದರೆ ಇಷ್ಟು ಚಿಕ್ಕ ಆಸೆಯನ್ನೂ ಅವರು ಕಚೇರಿಯ ದೊಡ್ಡ ಯೋಜನೆಯಂತೆಯೇ ಕೈಗೆತ್ತಿಕೊಂಡರು. ಅನಾಹುತ ಶುರುವಾದದ್ದು ಅಲ್ಲಿಂದ.

ಮೊದಲ ಹಂತ: ಪೆನ್ನು. ಸ್ಟೇಷನರಿ ಅಂಗಡಿಯವನು ಬಟ್ಟೆಗೆಂದು ಒಂದು ಪೆನ್ನು ತೆಗೆದುಕೊಟ್ಟ. ಕೂದಲಿನಂಥ ಮೊನೆ, ಅಚ್ಚುಕಟ್ಟಾದ ನೇರಳೆ ಗೆರೆ. ಸ್ಕೇಲಪ್ಪನವರು ಮೊದಲು ಮಾಡಿದ ಕೆಲಸವೆಂದರೆ ಅದರ ಮೇಲೆ ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಕಿತ್ತು ಎಸೆದದ್ದು. ಕಚೇರಿ ಕಾಲದ ಅಭ್ಯಾಸ; ಬೆರಳಿಗೆ ಚೀಟಿ ತಾಗಿದರೆ ಗೆರೆ ಕೆಡುತ್ತದಂತೆ.

“ಸಾರ್, ಈ ಪೆನ್ನಿಂದು ಒಂದು ವಿಶೇಷ ಇದೆ...”

“ಪೆನ್ನಿನ ವಿಶೇಷ ನನಗೆ ಹೇಳಿಕೊಡ್ತೀಯೇನಯ್ಯಾ? ಒಂದೇ ಮಾತು ಹೇಳು. ಬಟ್ಟೆ ಮೇಲಿಂದ ಇದು ಹೋಗುತ್ತೋ ಇಲ್ವೋ?”

“ಹೋಗುತ್ತೆ ಸಾರ್, ಗ್ಯಾರಂಟಿ ಹೋಗುತ್ತೆ, ಆದ್ರೆ...”

ಆದರೆ ಎಂಬುದನ್ನು ಕೇಳಲು ಸ್ಕೇಲಪ್ಪನವರು ಅಂಗಡಿಯಲ್ಲಿ ಇರಲೇ ಇಲ್ಲ. ಆಗಲೇ ರಸ್ತೆ ದಾಟುತ್ತಿದ್ದರು.

ಎರಡನೆಯ ಹಂತ: ಮೇಜು. ಗಾಜಿನ ಊಟದ ಮೇಜನ್ನು ಕೋಣೆಗೆ ಸಾಗಿಸಿದರು. ಇನ್ನು ಮುಂದೆ ಊಟ ಅಡುಗೆಮನೆಯ ಕಟ್ಟೆಯ ಮೇಲೆ! ಮೇಜಿನ ಕೆಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅಟ್ಟದಲ್ಲಿದ್ದ ಹಳೆ ಕಾಲದ ದೊಡ್ಡ ಬಲ್ಬು. ಗಾಜಿನ ಮೇಲೆ ದಪ್ಪ ಮಸಿಯಲ್ಲಿ ಬರೆದ ನಕ್ಷೆಯ ಹಾಳೆ, ಅದರ ಮೇಲೆ ಅಕ್ಕನ ಬಟ್ಟೆ. ಕೆಳಗಿನ ಬೆಳಕಿಗೆ ಹಾಳೆಯ ಗೆರೆ ಬಟ್ಟೆಯಲ್ಲಿ ಮೂಡುತ್ತದೆ, ಮೇಲಿಂದ ಪೆನ್ನಿನಲ್ಲಿ ತಿದ್ದಿದರಾಯಿತು. ಒಂದು ಭಾಗ ಮುಗಿದಂತೆ ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಬೇಕು.

ಪರದೆ ಎಳೆದು ದೀಪ ಹಾಕಿದಾಗ ಸ್ಕೇಲಪ್ಪನವರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟುಬಿಟ್ಟರಂತೆ. ಇದನ್ನು ಹೇಳುವಾಗ ಮಾತ್ರ ಅವರು ನಗುತ್ತಿರಲಿಲ್ಲ. ಮಾಸಿದ ಹಳದಿ, ತೊಳೆದು ತೊಳೆದು ಆಕಾಶದ ಬಣ್ಣಕ್ಕೆ ಬಂದ ನೀಲಿ, ಮಧ್ಯೆ ಮಧ್ಯೆ ಬಿಳಿ. ಎಲ್ಲ ತುಂಡುಗಳೂ ಒಳಗಿನಿಂದ ಬೆಳಗಿ, ಮೇಜು ಇದ್ದ ಜಾಗದಲ್ಲಿ ಒಂದು ಕೊಳ ಬಂದು ನಿಂತಿತ್ತು. ಒಂದು ತುಂಡಿನಲ್ಲಿ ತಮ್ಮದೇ ಹಳೆಯ ಅಂಗಿಯ ಜೇಬು! ಅಕ್ಕ ಯಾವಾಗ ಎತ್ತಿಕೊಂಡು ಹೋಗಿದ್ದರೋ. ಸ್ಕೇಲು ಇಟ್ಟು ಇಟ್ಟು ಅಂಚು ಸವೆದಿದ್ದ ಅದೇ ಜೇಬು ಆ ಕೊಳದಲ್ಲಿ ಎಲೆಯಂತೆ ತೇಲುತ್ತಿತ್ತು.

ಚಳಿಯ ದಿನಗಳು. ಗಾಜು ನಿಧಾನವಾಗಿ ಬೆಚ್ಚಗಾಗುತ್ತಿತ್ತು. ಕೈಗೆ ಹಿತ, ಕಣ್ಣಿಗೆ ಮಂಪರು. ಸ್ಕೇಲಪ್ಪನವರು ಗೆರೆ ಎಳೆದರು. ಎಂಥ ಗೆರೆ! ಚೌಕದೊಳಗೆ ಚೌಕ, ಮಧ್ಯರೇಖೆ, ಅಳತೆಯ ಬಾಣ, ಮೇಲ್ತುದಿಯಲ್ಲಿ ಉತ್ತರ ದಿಕ್ಕಿನ ಗುರುತು. ಬಲಗಡೆಯ ಕೆಳ ಮೂಲೆಯಲ್ಲಿ ಕಚೇರಿಯ ನಕ್ಷೆಗಳಲ್ಲಿರುವಂತೆ ಒಂದು ಪೆಟ್ಟಿಗೆ: ಬರೆದವರು, ಪರಿಶೀಲಿಸಿದವರು, ಅನುಮೋದಿಸಿದವರು. ಕೈ ತಾನಾಗಿ ಬರೆಯಿತು, ತಾನಲ್ಲ ಎಂದು ಆಮೇಲೆ ವಾದಿಸುತ್ತಿದ್ದರು. ಅಷ್ಟೂ ಮುಗಿಸಿ, ಬೆನ್ನು ನೆಟ್ಟಗೆ ಮಾಡಿ, ಮೊದಲ ಮೂಲೆಯ ಕಡೆ ಹೆಮ್ಮೆಯಿಂದ ತಿರುಗಿದರೆ...

ಅಲ್ಲಿ ಏನೂ ಇರಲಿಲ್ಲ.

ಕನ್ನಡಕ ಒರೆಸಿದರು. ಇಲ್ಲ. ಕನ್ನಡಕ ತೆಗೆದರು. ಇಲ್ಲ. ಇತ್ತ ತಿರುಗುವಷ್ಟರಲ್ಲಿ ಪೆಟ್ಟಿಗೆಯಲ್ಲಿದ್ದ “ಪರಿಶೀಲಿಸಿದವರು” ಕೂಡ ಮಂಜಿನಂತೆ ತೆಳುವಾಗಿ, ಅವರ ಕಣ್ಣೆದುರೇ ಕರಗಿಹೋದರು!

ಬಾಗಿಲು ಸ್ವಲ್ಪವೇ ತೆರೆದು ತಲೆ ಹೊರಗೆ ಹಾಕಿದರು.

“ನೀನೇನಾದ್ರೂ ಒಳಗೆ ಬಂದಿದ್ಯಾ?”

“ಬರಬೇಡ ಅಂದಿದ್ದು ನೀವೇ ತಾನೆ?”

“ಬಂದು ಏನಾದ್ರೂ ಒರೆಸಿದ್ಯಾ?”

“ಏನನ್ನ?”

“...ಏನಿಲ್ಲ.”

“ಹೇಗೆ ನಡೀತಿದೆ?”

“ಭರ್ಜರಿಯಾಗಿ!” ಅಂದು ಬಾಗಿಲು ಹಾಕಿಕೊಂಡರು.

ಚೌಕ ಈ ಬಟ್ಟೆಗೆ ಒಗ್ಗಲಿಲ್ಲವೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಮರುದಿನ ಕೈವಾರ ಹಿಡಿದು ವೃತ್ತಗಳ ನಕ್ಷೆ ಮಾಡಿದರು. ವೃತ್ತಗಳು ಅರಳಿದವು, ಸಂಜೆಗೆ ಒಂದೊಂದೇ ಮುಳುಗಿದವು. ಅದರ ಮರುದಿನ ಅಲೆ. ಅಲೆಗಳು ಎದ್ದವು, ಬಿದ್ದವು, ಹೋದವು. ಆಮೇಲೆ ಎಲೆಗಳ ಸಾಲು. ಎಲೆ ಉದುರಿದರೆ ನೆಲದಲ್ಲಾದರೂ ಸಿಗುತ್ತದೆ, ಇವು ಎಲ್ಲಿಯೂ ಸಿಗಲಿಲ್ಲ! ಸ್ಕೇಲಪ್ಪನವರು ಮೇಜಿನ ಕೆಳಗೆ ತೆವಳಿ ಸಹ ನೋಡಿದರು.

ಆ ಬೆಚ್ಚನೆಯ ಬೆಳಕಿನಲ್ಲಿ ಎಷ್ಟೋ ಸಲ ಕೆನ್ನೆಯನ್ನು ಗಾಜಿಗೆ ಆನಿಸಿ ಮಲಗಿಬಿಡುತ್ತಿದ್ದರು. ಕನಸಿನಲ್ಲಿ ತಾವು ಬರೆದ ಸೇತುವೆಗಳೆಲ್ಲ ಬರುತ್ತಿದ್ದವು. ಜನ ಅರ್ಧ ದಾರಿಗೆ ಬರುವಷ್ಟರಲ್ಲಿ ಹಿಂದಿನ ಅರ್ಧ ಇರುತ್ತಿರಲಿಲ್ಲ. ಯಾರೂ ಬೀಳುತ್ತಿರಲಿಲ್ಲ. ಸುಮ್ಮನೆ ನಿಂತು ನೀರನ್ನು ನೋಡುತ್ತಿದ್ದರು. ಅವರ ನಡುವೆ ಅಕ್ಕನೂ ಇರುತ್ತಿದ್ದರು. “ಏನಪ್ಪಾ, ಇನ್ನೂ ಮುಗೀಲಿಲ್ವಾ?” ಅನ್ನುತ್ತಿದ್ದರು. ಎಚ್ಚರವಾಗಿ ನೋಡಿದರೆ ಕೆನ್ನೆ ಕೆಂಪಗೆ ಕಾದಿರುತ್ತಿತ್ತು, ಬಟ್ಟೆ ಬೋಳಾಗಿರುತ್ತಿತ್ತು.

ಆಗ ಅವರಿಗೆ ನಿಜವಾಗಿ ಹೆದರಿಕೆಯಾಯಿತು. ಹೆಂಡತಿ ಬಂದಿಲ್ಲ. ಪೆನ್ನಿನಲ್ಲಿ ಮಸಿ ಇದೆ. ಅಂದಮೇಲೆ ಉಳಿದದ್ದು ಎರಡೇ: ಒಂದೋ ಕಣ್ಣು ಹೋಗಿರಬೇಕು, ಇಲ್ಲವೇ ತಾನು ಗೆರೆ ಎಳೆಯುತ್ತಲೇ ಇಲ್ಲ, ಎಳೆದೆ ಅಂದುಕೊಳ್ಳುತ್ತಿದ್ದೇನೆ. ಹೆಂಡತಿಗೆ ಹೇಳುವಂತಿಲ್ಲ. ಒಬ್ಬರನ್ನು ಕಳೆದುಕೊಂಡು ಕೂತವಳಿಗೆ ಹೋಗಿ, ನಾನೂ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತಿದ್ದೇನೆ ಅನ್ನುವುದು ಹೇಗೆ? ಬ್ಯಾಂಕಿಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಕಣ್ಣಿನ ಡಾಕ್ಟರ ಹತ್ತಿರ ಹೋದರು.

ಗೋಡೆಯ ಮೇಲಿನ ಅಕ್ಷರಗಳನ್ನು ಸ್ಕೇಲಪ್ಪನವರು ಮೇಲಿನಿಂದ ಕೊನೆಯವರೆಗೆ ಓದಿದರು. ಅಷ್ಟಕ್ಕೇ ಬಿಡದೆ, ಅದರ ಕೆಳಗೆ ಇರುವೆ ಸಾಲಿನಂತೆ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿ ಹೇಳಿದರು.

“ಹದ್ದಿನ ಕಣ್ಣು ನಿಮ್ಮದು,” ಅಂದರು ಡಾಕ್ಟರು. “ತೊಂದರೆ ಏನು?”

“ಗೆರೆ ಎಳೀತೀನಿ ಡಾಕ್ಟ್ರೇ. ಇರುತ್ತೆ. ಆಮೇಲೆ ಇರಲ್ಲ.”

“ಯಾವ ಗೆರೆ?”

“ಎಲ್ಲಾ ಗೆರೆ! ಸಂಜೆ ಹೊತ್ತಿಗೆ ಉತ್ತರ ದಿಕ್ಕೂ ಇರಲ್ಲ!”

ಡಾಕ್ಟರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಮುಖಕ್ಕೆ ಕೆಳಗಿನಿಂದ ದೀಪ ಹಾಕಿಕೊಂಡು ಕೆಲಸ ಮಾಡುತ್ತಾರೆಂದು ಗೊತ್ತಾದ ಮೇಲೆ, “ಮೊದಲು ಆ ದೀಪ ತೆಗೆಯಿರಿ,” ಅಂದರು. “ಆಮೇಲೂ ಗೆರೆ ಕಾಣೆಯಾದರೆ ನನ್ನ ಹತ್ತಿರ ಬರಬೇಡಿ. ಈ ಕಟ್ಟಡದ ಮೇಲಿನ ಮಹಡೀಲಿ ಇನ್ನೊಬ್ಬರು ಡಾಕ್ಟರಿದ್ದಾರೆ. ಕಣ್ಣಿನವರಲ್ಲ.”

ಮನೆಗೆ ಬಂದು ದೀಪ ತೆಗೆದರು, ಪರದೆ ಸರಿಸಿದರು. ದೀಪವಿಲ್ಲದ ಮೇಲೆ ಅಡಿಯ ನಕ್ಷೆ ಕಾಣುವುದಿಲ್ಲ. ನಕ್ಷೆ ಇಲ್ಲದ ಮೇಲೆ ಸ್ಕೇಲಿನಿಂದ ಅಳೆಯುವುದಾದರೂ ಏನನ್ನು? ಅದನ್ನು ಜೇಬಿನಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಹಗಲಿನ ಬೆಳಕಿನಲ್ಲಿ ಬಟ್ಟೆ ಕೊಳವಾಗಿರಲಿಲ್ಲ, ಬಟ್ಟೆಯೇ ಆಗಿತ್ತು. ತುಂಡುಗಳು ಸೇರುವಲ್ಲಿ ಉಬ್ಬಿದ ಹೊಲಿಗೆಯ ಏಣುಗಳು, ಒಂದೆರಡು ಕಡೆ ಅಕ್ಕನ ಆತುರದ ಗಂಟು. ಸುಮ್ಮನೆ ಕೂತು ನೋಡಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪೆನ್ನು ಹೊರಟಿತು.

ಗೆರೆ ಅಂದರೆ ಎಂಥದು? ಸೊಟ್ಟ. ಏಣು ಬಂದಲ್ಲಿ ಎಡವುತ್ತಿತ್ತು, ನಿಂತು ಯೋಚಿಸುತ್ತಿತ್ತು, ಜೇಬಿನ ತುಂಡು ಬಂದಾಗ ಒಳಗೆ ಹೋಗಲು ನಾಚಿ ಸುತ್ತುಬಳಸಿ ಹೋಯಿತು. ಅಲ್ಲಲ್ಲಿ ಒಂದು ಎಲೆ ಬಿಟ್ಟು ಬಳ್ಳಿಯಾಯಿತು. ಇದನ್ನು ಕಚೇರಿಯಲ್ಲಿ ಯಾರಾದರೂ ತಂದು ತೋರಿಸಿದ್ದರೆ ಸ್ಕೇಲಪ್ಪನವರು ಮುಖದ ಮೇಲೆ ಎಸೆಯುತ್ತಿದ್ದರು. ಆದರೆ ಸಂಜೆಯಾಯಿತು, ಗೆರೆ ಇತ್ತು! ಬೆಳಿಗ್ಗೆ ಎದ್ದು ಓಡಿ ಬಂದು ನೋಡಿದರು, ಇತ್ತು! ಮಹಡಿಯ ಡಾಕ್ಟರ ಅಗತ್ಯವಿಲ್ಲ! ಸ್ಕೇಲಪ್ಪನವರು ಆ ಕೋಣೆಯಲ್ಲಿ ಒಬ್ಬರೇ ಎರಡು ಹೆಜ್ಜೆ ಕುಣಿದರೆಂದು ನಂಬಲರ್ಹ ಮೂಲಗಳಿಂದ ತಿಳಿದಿದೆ.

“ಏನೇ! ಮುಗೀತು ಕಣೆ! ಇನ್ನೊಂದು ಗಳಿಗೆ, ಕರೀತೀನಿ!”

ಇನ್ನೊಂದು ಗಳಿಗೆ ಯಾಕೆ? ಕರೆದು ತೋರಿಸಿಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನಕ್ಷೆಯನ್ನು ಸುಕ್ಕಿನ ಸಮೇತ ಒಪ್ಪಿಸುವುದು ಅವರ ಜಾಯಮಾನಕ್ಕೆ ಒಗ್ಗದ ಮಾತು. ಅವರು ಇಸ್ತ್ರಿಪೆಟ್ಟಿಗೆ ಕಾಯಿಸಿದರು.

ಪೆಟ್ಟಿಗೆ ಎಡದಿಂದ ಬಲಕ್ಕೆ ಹೋಯಿತು. ಅದು ಹೋದ ದಾರಿಯಲ್ಲಿ ಬಳ್ಳಿ ಇರಲಿಲ್ಲ. ಸ್ಕೇಲಪ್ಪನವರು ಗಾಬರಿಯಿಂದ ಪೆಟ್ಟಿಗೆಯನ್ನು ಬಲದಿಂದ ಎಡಕ್ಕೆ ತಂದರು, ಹೋದ ಬಳ್ಳಿ ಅದೇ ದಾರಿಯಲ್ಲಿ ಹಿಂದಿರುಗಬಹುದೆಂಬಂತೆ! ಅಕ್ಕಪಕ್ಕದಲ್ಲಿ ಉಳಿದಿದ್ದ ಎಲೆಗಳೂ ಹೋದವು. ಕೈಯಲ್ಲಿ ಕಾದ ಪೆಟ್ಟಿಗೆ, ಎದುರಿಗೆ ಬೋಳು ಬಟ್ಟೆ. ಬೆಚ್ಚನೆಯ ಗಾಜು, ಕೆಂಪಗೆ ಕಾದ ಕೆನ್ನೆ, ಕರಗಿದ ಪರಿಶೀಲಕರು, ಎಲ್ಲ ಒಂದೇ ಸಲಕ್ಕೆ ತಲೆಯೊಳಗೆ ಬೆಳಗಿದವು. “ಬಿಸಿ!” ಎಂದು ಕೂಗಿದರು.

“ಕೈ ಸುಟ್ಕೊಂಡ್ರಾ?” ಹೊರಗಿನಿಂದ ಹೆಂಡತಿ.

“ಇಲ್ಲ! ಬಂದೆ!” ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಓಡಿದರು. ಒಂದು ಅವರದು, ಇನ್ನೊಂದು ಹೆಂಡತಿಯದು.

“ಅದನ್ನೇ ಸಾರ್ ಆವತ್ತು ಹೇಳಕ್ಕೆ ಹೋಗಿದ್ದು,” ಅಂದ ಅಂಗಡಿಯವನು. “ಬಿಸಿ ತಾಗಿದ್ರೆ ಹೋಗುತ್ತೆ. ಚೀಟೀಲೂ ಬರೆದಿತ್ತಲ್ಲ?”

“ಚೀಟಿ ವಿಷಯ ಬಿಡು! ವಾಪಸ್ ಬರುತ್ತಾ?”

“ಬರುತ್ತೆ ಸಾರ್. ಫ್ರೀಜರಲ್ಲಿ ಇಡಿ. ಆದ್ರೆ...”

ಆದರೆ ಎಂಬುದನ್ನು ಸ್ಕೇಲಪ್ಪನವರು ಎರಡನೆಯ ಸಲವೂ ಕೇಳಲಿಲ್ಲ.

ಫ್ರೀಜರಿನಲ್ಲಿ ಜಾಗವಿರಲಿಲ್ಲ. ಬಟಾಣಿ ಪೊಟ್ಟಣಗಳನ್ನು ಕೆಳಗಿಳಿಸಿದರು. ಐಸಿನ ತಟ್ಟೆಯನ್ನು ಸಿಂಕಿಗೆ ಹಾಕಿದರು. ಒಂದು ಡಬ್ಬಿ ಐಸ್‌ಕ್ರೀಮ್ ಉಳಿಯಿತು. ಅದನ್ನು ಎಲ್ಲಿಡುವುದೆಂದು ತೋಚದೆ, ನಡುಗುವ ಚಳಿಯಲ್ಲಿ, ಫ್ರಿಜ್ಜಿನ ಮುಂದೆ ನೆಲದ ಮೇಲೆ ಕೂತು ಪೂರ್ತಿ ತಿಂದು ಮುಗಿಸಿದರು. ತಮ್ಮ ಸೇವಾವಧಿಯಲ್ಲೇ ಇಷ್ಟು ಕಠಿಣವಾದ ಭೂಸ್ವಾಧೀನ ನಡೆದಿರಲಿಲ್ಲವೆಂದು ಹೇಳುತ್ತಿದ್ದರು. ಬಟ್ಟೆಯನ್ನು ಮಡಿಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಒಳಗೆ ತುರುಕಿ ಬಾಗಿಲು ಹಾಕಿದರು.

ಸಾಯಂಕಾಲ ಹೆಂಡತಿ ಬಟಾಣಿಗೆಂದು ಅದೇ ಬಾಗಿಲು ತೆಗೆದಳು.

“ರೀ!”

ಆ ಕೂಗಿಗೆ ಸ್ಕೇಲಪ್ಪನವರು ಹಾಸಿಗೆಯಿಂದ ನೇರ ಅಡುಗೆಮನೆಗೆ ಹಾರಿದರು.

“ಅಕ್ಕನ ಬಟ್ಟೆ ರೀ! ಬಟಾಣಿ ಜಾಗದಲ್ಲಿ! ನಿಮಗೇನಾಗಿದೆ?”

“ಹೇಳ್ತೀನಿ ಕೂತ್ಕೋ.”

“ನಿಂತೇ ಕೇಳ್ತೀನಿ, ಹೇಳಿ!”

ನಿಂತೇ ಕೇಳಿದಳು. ಚೌಕದಿಂದ ಹಿಡಿದು ಐಸ್‌ಕ್ರೀಮಿನವರೆಗೆ. ಕಣ್ಣಿನ ಡಾಕ್ಟರ ವಿಷಯ ಬಂದಾಗ ಅವಳ ಮುಖ ಒಂದು ಕ್ಷಣ ಬೇರೆಯಾಯಿತು. “ಇಷ್ಟು ದಿನ ಇದನ್ನ ಒಬ್ಬರೇ ಇಟ್ಕೊಂಡಿದ್ರಾ?” ಅಂದಳು. ಆಮೇಲೆ ಚೀಲವನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋಗಿ, ಮಂಚದ ಮೇಲೆ ಬಟ್ಟೆಯನ್ನು ಬಿಡಿಸಿದಳು.

ತಣ್ಣನೆಯ ಹೊಗೆ ಎದ್ದಿತು. ಹೊಗೆ ಚದುರಿದಂತೆ ಗೆರೆಗಳು ಕಾಣಿಸಿದವು. ಸ್ಕೇಲಪ್ಪನವರು ಕಾಯುತ್ತಿದ್ದದ್ದು ಒಂದು ಬಳ್ಳಿಗೆ. ಬಂದದ್ದು ಎಲ್ಲವೂ! ಚೌಕ, ಚೌಕದ ಮೇಲೆ ವೃತ್ತ, ವೃತ್ತವನ್ನು ನುಂಗುವ ಅಲೆ, ಅಲೆಯ ಮೇಲೆ ಎಲೆಗಳ ಸಾಲು, ಎಲ್ಲದರ ನಡುವೆ ದಾರಿ ಕೇಳುತ್ತ ಹೋಗುವ ಬಳ್ಳಿ. ಬಾಣಗಳು, ಅಳತೆಗಳು. ಉತ್ತರ ದಿಕ್ಕು ನಾಲ್ಕು ಕಡೆಗಿತ್ತು. ಅಂಗಡಿಯವನ ಆ ಎರಡನೆಯ “ಆದ್ರೆ” ಏನೆಂದು ಈಗ ಗೊತ್ತಾಯಿತು. ಬರುವಾಗ ಒಂದೊಂದೇ ಬರುವುದಿಲ್ಲ.

ಹೆಂಡತಿ ಬಟ್ಟೆಯ ಅಂಚು ಹಿಡಿದು ಮೂಲೆಯಿಂದ ಮೂಲೆಗೆ ನೋಡುತ್ತ ಹೋದಳು. ಸ್ಕೇಲಪ್ಪನವರು ಗೋಡೆಗೆ ಒರಗಿ ನಿಂತರು. ಅಕ್ಕನ ಬಟ್ಟೆ, ಇನ್ನೊಂದಿಲ್ಲ. ಸೂಜಿಯ ಡಬ್ಬಿ ಇನ್ನು ಆ ಬೀರುವಿನಿಂದ ಹೊರಗೆ ಬರುವುದಿಲ್ಲ.

“ಈ ಮೂಲೇಲಿ ಇದೇನು ಪೆಟ್ಟಿಗೆ?” ಅವಳ ದನಿ ಬಂತು.

“ಅದು... ಬರೆದವರು, ಪರಿಶೀಲಿಸಿದವರು, ಅನುಮೋದಿಸಿದವರು.”

“ಅನುಮೋದಿಸೋರು ಯಾರು?”

“ನೀನೇ.”

“ತಿರಸ್ಕರಿಸಿದ್ದೀನಿ,” ಅಂದಳು. ಅಷ್ಟು ಹೇಳಿದ್ದೇ ತಡ, ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಸ್ಕೇಲಪ್ಪನವರು ಹತ್ತಿರ ಹೋದರೆ ನಗುತ್ತಿದ್ದಾಳೆ! ಮಂಚದ ಅಂಚು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು. “ಏನ್ರೀ ಇದು, ಕೌದೀನೋ ರೈಲ್ವೆ ಜಂಕ್ಷನ್ನೋ? ಇದರ ಕೆಳಗೆ ಮಲಗಿದರೆ ಯಾವ ಊರಿಗೆ ಹೋಗಿ ಏಳ್ತೀವೋ!” ಒಂದು ವರ್ಷದಿಂದ ಆ ಮನೆಯಲ್ಲಿ ಕೇಳದಿದ್ದ ಸದ್ದು ಅದು. ಸ್ಕೇಲಪ್ಪನವರಿಗೂ ತಡೆಯಲಾಗಲಿಲ್ಲ.

“ಎಲ್ಲಾ ಅಳಿಸಿಬಿಡ್ತೀನಿ,” ಅಂದರು ಕಣ್ಣು ಒರೆಸಿಕೊಂಡು. “ಇಸ್ತ್ರಿ ಹಾಕಿದ್ರೆ ಆಯ್ತು. ಮತ್ತೆ ಹೊಸದಾಗಿ...”

“ಇಸ್ತ್ರಿಪೆಟ್ಟಿಗೆ ಮುಟ್ಟಿದ್ರೆ ನೋಡಿ!” ಹೆಂಡತಿ ಬಗ್ಗಿ, ಬೆರಳಿಟ್ಟು ಒಂದು ಗೆರೆಯನ್ನು ಹಿಂಬಾಲಿಸುತ್ತಿದ್ದಳು. ಚೌಕ ದಾಟಿ, ಅಲೆ ದಾಟಿ, ಜೇಬಿನ ಸುತ್ತ ಬಳಸಿ. “ಇದು ಯಾರು ಎಳೆದಿದ್ದು?”

“ಎಲ್ಲಾ ನಾನೇ.”

“ಇದೊಂದು ನಿಮ್ಮದರ ಥರ ಇಲ್ಲ.”

“ಹೆದರಿಕೊಂಡಿದ್ದೆ ಆಗ. ಸ್ಕೇಲೂ ಇರಲಿಲ್ಲ.”

“ಹೂಂ,” ಅಂದಳು. ಬೆರಳು ಬಳ್ಳಿಯ ಕೊನೆಯವರೆಗೂ ಹೋಗಿ ನಿಂತಿತು. “ಇದರ ಮೇಲೆ ಹೊಲೀಬಹುದು. ಡಬ್ಬಿ ತನ್ನಿ.”

ಸ್ಕೇಲಪ್ಪನವರು ಡಬ್ಬಿ ತರಲು ಹೋದ ವೇಗಕ್ಕೆ ಬೀರುವಿನ ಬಾಗಿಲು ಇವತ್ತಿಗೂ ಸರಿಯಾಗಿ ಮುಚ್ಚುವುದಿಲ್ಲ.

ಪದರಗಳನ್ನು ಹಾಸಿ ಸೇರಿಸಿ ಹೊಲಿಗೆ ಶುರುವಾಯಿತು. ಆದರೆ ಆ ಜಂಕ್ಷನ್ನಿನಲ್ಲಿ ಒಂದು ಬಳ್ಳಿಯನ್ನೇ ಹಿಡಿದು ಹೋಗುವುದು ಕಷ್ಟ. ಸೂಜಿ ಆಗಾಗ ಅಲೆಯ ಬೆನ್ನು ಹತ್ತಿ ದಾರಿ ತಪ್ಪುತ್ತಿತ್ತು. ಹೆಂಡತಿ ಅದಕ್ಕೊಂದು ವ್ಯವಸ್ಥೆ ಮಾಡಿದಳು. ಸ್ಟೀಲ್ ಲೋಟದ ತುಂಬ ಕುದಿಯುವ ನೀರು ತುಂಬಿಸಿ, ಬಾಯಿಗೆ ತಟ್ಟೆ ಮುಚ್ಚಿ, ಬಟ್ಟೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟಳು.

“ಇದೇನು?”

“ನಿಮ್ಮ ಹೊಸ ಕೆಲಸ. ಇಷ್ಟು ವರ್ಷ ಎಳೆದಿದ್ದು ಸಾಕು. ಇನ್ನು ಅಳಿಸಿ.”

ಹೀಗೆ, ಅಷ್ಟೊಂದು ಸೇತುವೆಗಳನ್ನು ಬರೆದ ಸ್ಕೇಲಪ್ಪನವರು ಹೆಂಡತಿಯ ಸೂಜಿಗಿಂತ ಒಂದು ಗೇಣು ಮುಂದೆ, ಬಿಸಿ ಲೋಟದ ತಳವನ್ನು ಬಟ್ಟೆಗೆ ತಾಗಿಸುತ್ತ, ತಮ್ಮ ಚೌಕಗಳನ್ನೂ ವೃತ್ತಗಳನ್ನೂ ಬಾಣಗಳನ್ನೂ ತಾವೇ ಕರಗಿಸುತ್ತ ಸಾಗಿದರು. ಮಧ್ಯಾಹ್ನ ನಾವು ಯಾರಾದರೂ ಹೋದರೆ ಬಾಗಿಲಲ್ಲೇ ಕೇಳುತ್ತಿತ್ತು.

“ಇದು ಬೇಕಾ?”

“ಬೇಡ.”

“ಇದು?”

“ಅದು ಬಳ್ಳಿ ರೀ! ಕೈ ತೆಗೀರಿ!”

“ಚೆನ್ನಾಗಿತ್ತಲ್ಲೇ ಈ ವೃತ್ತ. ಒಂದಾದ್ರೂ ಇರಲಿ.”

“ಲೋಟ ಇಡಿ ಅದರ ಮೇಲೆ.”

ನಮ್ಮ ಕಡೆ ತಿರುಗಿ, “ನೋಡ್ರಯ್ಯಾ, ಬಡ್ತಿ ಸಿಕ್ಕಿದೆ,” ಅನ್ನುತ್ತಿದ್ದರು. ಲೋಟದ ನೀರು ಆರಿದರೆ ಎದ್ದು ಹೋಗಿ ಕಾಯಿಸಿ ತರುವರು. ಬಿಸಿಲು ನೆಲದಿಂದ ಗೋಡೆಗೆ ಸರಿಯುತ್ತಿತ್ತು. ಈಗ ಯಾರೂ ಅದನ್ನು ನೋಡುತ್ತಿರಲಿಲ್ಲ. ಬಟ್ಟೆಯ ಮೇಲೆ ಗೆರೆಗಳು ಒಂದೊಂದೇ ಮಂಜಾಗಿ ಹೋಗುತ್ತಿದ್ದವು. ಅವುಗಳ ನಡುವೆ ಹೊಲಿಗೆಯ ಬಳ್ಳಿ, ಇರುವೆ ನಡೆದಷ್ಟೇ ನಿಧಾನವಾಗಿ, ಮುಂದೆ ಹೋಗುತ್ತಿತ್ತು.

ಹೋದ ವಾರದ ಆ ಮಧ್ಯಾಹ್ನದ ಮಾತು ನಮಗೆ ಅವರ ಹೆಂಡತಿ ಹೇಳಿದ್ದು. ಕೌದಿಯ ಒಂದು ಮೂಲೆ ಮಾತ್ರ ಉಳಿದಿತ್ತು. ಊಟ ಮಾಡಿ ಇಬ್ಬರೂ ಕುರ್ಚಿ ಹತ್ತಿರ ಹಾಕಿಕೊಂಡು ಕೂತರು, ಕೌದಿ ಇಬ್ಬರ ಮಡಿಲ ಮೇಲೂ ಹರಡಿತ್ತು. ಸ್ಕೇಲಪ್ಪನವರಿಗೆ ತೂಕಡಿಕೆ. ಅಲೆಯ ಕೊನೆಯ ಬಾಲವನ್ನು ಅಳಿಸಲು ಹೋದ ಲೋಟ ಅಲ್ಲೇ ನಿಲ್ಲದೆ, ಮೆಲ್ಲಗೆ ಜಾರಿ ಮೂಲೆಯವರೆಗೂ ಹೋಯಿತು.

“ರೀ! ಬಳ್ಳೀನೂ ಅಳಿಸಿಬಿಟ್ರಲ್ಲ!” ಹೆಂಡತಿ ಸೂಜಿ ಎತ್ತಿ ಹಿಡಿದಳು. “ಈಗ ನಾನು ಯಾವ ಕಡೆ ಹೋಗ್ಲಿ?”

ಸ್ಕೇಲಪ್ಪನವರು ಕಣ್ಣು ತೆರೆದು ಮೂಲೆಯನ್ನು ನೋಡಿದರು. ಪೆನ್ನು ಒಳಗಿನ ಕೋಣೆಯಲ್ಲಿತ್ತು.

“ತರಲಾ?” ಅಂದಳು.

“ಬೇಡ. ನೀನು ಏಳಬೇಡ.” ಲೋಟವನ್ನು ಕೆಳಗಿಟ್ಟು, ಬಟ್ಟೆಯನ್ನು ಮಂಡಿಯ ಮೇಲೆ ಬಿಗಿಯಾಗಿ ಎಳೆದುಕೊಂಡು, ಹೆಬ್ಬೆರಳಿನ ಉಗುರನ್ನು ಒತ್ತಿ ಒಂದು ಬಾಗು ಎಳೆದರು. ಬಟ್ಟೆಯಲ್ಲಿ ಸಣ್ಣ ಮಡಿಕೆ ಬಿತ್ತು. ಪಕ್ಕದಿಂದ ಬೆಳಕು ಬಿದ್ದಾಗ ಮಾತ್ರ ಕಾಣುವಂಥದು.

“ಬೇಗ ಹೊಲಿ,” ಅಂದರು. “ಇದು ಬಹಳ ಹೊತ್ತು ನಿಲ್ಲಲ್ಲ.”

ಅವಳು ತಲೆ ಬಗ್ಗಿಸಿ ಸೂಜಿ ಹಾಕಿದಳು. ಅವರು ಉಗುರನ್ನು ಒಂದಿಷ್ಟು ಮುಂದಕ್ಕಿಟ್ಟು, ಅದಕ್ಕೊಂದು ಎಲೆ ಬರೆದರು.